ಈಸೂರಿನ ತವರು

ಸೊರಬದ ಹೆಣ್ಣುಮಕ್ಕಳ ಶಾಲೆಗೆ ನಾನು ಉಪಾಧ್ಯಾಯಿನಿಯಾಗಿ ಬಂದದ್ದು ಐವತ್ತರ ದಶಕದ ಕೊನೆಯಲ್ಲಿ. ನನ್ನ ಬಾಡಿಗೆ ಕೋಣೆಯ ಪಕ್ಕದ ಮನೆಯಾಕೆಗೆ ನಲವತ್ತರ ಹತ್ತಿರ ವಯಸ್ಸು. ಗಂಡನಿಗೆ ಕಿರಾಣಿ ಅಂಗಡಿ. ತವರು ಯಾವುದೆಂದು ಕೇಳಿದರೆ ‘ಶಿಕಾರಿಪುರದ ಕಡೆ’ ಎನ್ನುತ್ತಿದ್ದಳೇ ಹೊರತು ಊರಿನ ಹೆಸರು ಹೇಳುತ್ತಿರಲಿಲ್ಲ.

ಒಂದು ಸಂಜೆ ಓದಿಸಿಕೊಳ್ಳಲು ಕಾಗದ ಹಿಡಿದು ಬಂದಳು. ನಿನ್ನ ತಾಯಿಗೆ ಕಣ್ಣು ಹೋಗಿದೆ, ಹೆಚ್ಚು ದಿನ ಇರಲಾರಳು ಎಂದು ಈಸೂರಿನಿಂದ ಯಾರೋ ಬರೆದಿದ್ದರು. ಕೇಳಿ ಅಲ್ಲೇ ಕೂತಳು. ಎಲ್ಲವನ್ನೂ ಹೇಳಿದ್ದು ಅವತ್ತೇ.

ನಲವತ್ತೆರಡರ ಚಳವಳಿಯಲ್ಲಿ ಈಸೂರಿನ ಜನ, ಬ್ರಿಟಿಷರ ಆಳ್ವಿಕೆ ಒಪ್ಪುವುದಿಲ್ಲ, ಊರು ನಮ್ಮದು ಎಂದು ಎದ್ದು ನಿಂತಿದ್ದರು. ಗಲಭೆಯಲ್ಲಿ ಇಬ್ಬರು ಅಧಿಕಾರಿಗಳು ಸತ್ತರು. ಪೊಲೀಸರು ಊರಿಗೆ ನುಗ್ಗಿದಾಗ ಗಂಡಸರು ಕಾಡು ಸೇರಿದರು. ಆಕೆ ಆಗ ಸೊರಬದ ಕಡೆಯೇ, ಕುಬಟೂರಿನ ಹತ್ತಿರದ ಹಳ್ಳಿಯಲ್ಲಿ ಅತ್ತೆಮನೆಯಲ್ಲಿದ್ದಳು. ಕಾಡು ಸೇರಿದವರಲ್ಲೊಬ್ಬನಾದ ಅವಳ ಅಣ್ಣ ನಡೆದೇ ಅಲ್ಲಿಗೆ ಬಂದು ಹುಲ್ಲಿನ ಅಟ್ಟದಲ್ಲಿ ಅಡಗಿದ. ಮೂರನೆಯ ದಿನ ಪೊಲೀಸರು ಬಂದು ಅವಳ ಮಾವನನ್ನು ಅಂಗಳದಲ್ಲಿ ಕೆಡವಿ ಹೊಡೆಯತೊಡಗಿದರು.

“ಮಾವ ಬಾಯಿ ಬಿಡ್ಲಿಲ್ಲ ಅಕ್ಕೋರೇ. ನಾನೇ ಅಟ್ಟದ ಕಡೆ ಕೈ ತೋರಿಸ್ದೆ.”

ಅಣ್ಣ ಜೈಲಿನಲ್ಲಿ ಜ್ವರ ಬಂದು ಸತ್ತ. ಆಮೇಲೆ ಆಕೆ ತವರಿಗೆ ಹೋಗಲಿಲ್ಲ. ಅಲ್ಲಿಂದ ಯಾರೂ ಕರೆಯಲೂ ಇಲ್ಲ.

“ನೀವು ಜೊತೆಗೆ ಬಂದ್ರೆ ಹೋಗ್ತೀನಿ” ಎಂದಳು. ಭಾನುವಾರ ಹೊರಟೆವು. ಶಿಕಾರಿಪುರದಲ್ಲಿ ಬಸ್ಸಿಳಿದು ಈಸೂರಿನ ಕಡೆ ಹೊರಟಿದ್ದ ಎತ್ತಿನ ಗಾಡಿ ಹತ್ತಿದೆವು. ತಾಯಿಗೆ ಹೇಳಬೇಕಾದ್ದನ್ನು ಆಕೆ ದಾರಿಯುದ್ದಕ್ಕೂ ನನ್ನ ಮುಂದೆ ಹೇಳಿ ಹೇಳಿ ನೋಡಿದಳು.

ಬಾಗಿಲು ತೆರೆದದ್ದು ಅತ್ತಿಗೆ, ಸತ್ತ ಅಣ್ಣನ ಹೆಂಡತಿ. ಗುರುತು ಸಿಕ್ಕಿತೆಂದು ಮುಖವೇ ಹೇಳಿತು. ಒಳಗಿಂದ ನೀರು ತಂದು, ಪರವೂರಿನವರಿಗೆ ಕೊಡುವಂತೆ “ತಗೊಳ್ರೀ” ಎಂದು ನಾದಿನಿಯ ಕೈಗಿತ್ತು, ಕಂಬಕ್ಕೊರಗಿ ನಿಂತಳು.

ತಾಯಿ ಗೋಡೆಗೊರಗಿ ಕಂಬಳಿ ಹೊದ್ದು ಕೂತಿದ್ದಳು. “ಯಾರವ್ವಾ?”

ಮಗಳು ಅವಳ ಕಾಲ ಬಳಿ ಕೂತಳು. ನಾನೇ, “ಸೊರಬದಿಂದ ಬಂದಿದ್ದೀವಿ ಅಜ್ಜಿ” ಎಂದೆ.

“ಸೊರಬದ ಕಡೆ ನನ್ನ ಮಗಳದಾಳೆ. ಕಂಡ್ರೆ ಹೇಳ್ರಿ. ಅವ್ವ ಬಯ್ಯಂಗಿಲ್ಲ, ಒಂದ್ಸಲ ಬಂದು ಹೋಗ್ಲಿ ಅಂತ.”

ಆಕೆ ಸೆರಗನ್ನು ಬಾಯಿಗೊತ್ತಿಕೊಂಡಳು. ಅತ್ತಿಗೆ ಆಕೆಯ ಮೇಲೆ ನೆಟ್ಟ ನೋಟ ತೆಗೆಯಲಿಲ್ಲ. ಬಂದಿದ್ದಾಳೆ ಅಜ್ಜಿ, ಇಲ್ಲೇ ಇದ್ದಾಳೆ ಎನ್ನಲು ಹೊರಟ ನಾನು, ಅದು ಆಕೆಯೇ ಆಡಬೇಕಾದ ಮಾತೆಂದು ಸುಮ್ಮನಾದೆ. ಆಕೆ ಆಡಲಿಲ್ಲ. ತಾಯಿಯ ಪಾದ ಮುಟ್ಟಿ ಎದ್ದು ಹೊರಗೆ ನಡೆದುಬಿಟ್ಟಳು.

“ಅತ್ತಿಗೆ ಎದುರಿಗೆ ಹೆಂಗೆ ಹೇಳ್ಲಿ? ಅವ್ಳ ಬಾಳು ಕಳೆದೋಳು ನಾನು” ಎಂದಳು ಹಿಂದಿರುಗುವಾಗ. “ಇನ್ನೊಂದ್ಸಲ ಒಬ್ಳೇ ಬರ್ತೀನಿ.”

ತಿಂಗಳೊಳಗೆ ತಾಯಿ ತೀರಿಕೊಂಡಳು. ಸುದ್ದಿ ಸೊರಬ ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಆಕೆ ನನ್ನನ್ನು ಒಂದು ದಿನವೂ ದೂರಲಿಲ್ಲ. ಮರುವರ್ಷ ನನಗೆ ವರ್ಗವಾದಾಗ ದಾರಿಗೆಂದು ರೊಟ್ಟಿ ಕಟ್ಟಿಕೊಟ್ಟಳು. ಈಸೂರಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ಅವತ್ತು ಆ ತಾಯಿಗೆ ನಾನಾದರೂ ಹೇಳಿಬಿಡಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ.