ಸೋಮವಾರ ಹಾರದ ಹೋರಿ

ಅರವತ್ತರ ದಶಕ. ಸಾಗರದ ಪಶು ಆಸ್ಪತ್ರೆಗೆ ನಾನಾಗ ಹೊಸಬ. ಬೀಜದ ಹೋರಿಯಿಂದ ಸೋಮವಾರ ಮತ್ತು ಶುಕ್ರವಾರ ಬೆಳಿಗ್ಗೆ ವೀರ್ಯ ತೆಗೆದು, ಐಸು ತುಂಬಿದ ಫ್ಲಾಸ್ಕಿನಲ್ಲಿಟ್ಟು ಹೊಸನಗರ, ತೀರ್ಥಹಳ್ಳಿಯ ಆಸ್ಪತ್ರೆಗಳಿಗೆಂದು ಬಸ್ಸಿಗೆ ಕೊಡುವುದು ನನ್ನ ಕೆಲಸ. ಶುಕ್ರವಾರ ಹೋರಿ ಹಸುವಿನ ಮೇಲೆ ಸಲೀಸಾಗಿ ಹಾರುತ್ತಿತ್ತು. ಸೋಮವಾರ ಮಾತ್ರ ಎದುರಿಗೇ ಹಸು ಕಟ್ಟಿದರೂ ನಿಂತಲ್ಲೇ ಮೆಲುಕು ಹಾಕುತ್ತಿತ್ತು. ಐದು ಸೋಮವಾರ ನೋಡಿ ಮೇಲಿನವರಿಗೆ ಬರೆದೆ. ಹೋರಿಯಿಂದ ಪ್ರಯೋಜನವಿಲ್ಲ, ಹರಾಜು ಹಾಕಿ ಎಂದು ಉತ್ತರ ಬಂತು.

ಆ ಪತ್ರ ಜೇಬಿನಲ್ಲಿಟ್ಟುಕೊಂಡು ಮರು ಸೋಮವಾರ ಬೇಗನೆ ಕೊಟ್ಟಿಗೆಗೆ ಹೋದವನು ಬಾಗಿಲಲ್ಲೇ ನಿಂತುಬಿಟ್ಟೆ. ಹೋರಿ ನೋಡಿಕೊಳ್ಳುವ ಈರಪ್ಪ ಅದರ ಹಣೆಗೆ ವಿಭೂತಿ ಹಚ್ಚಿ, ಬೆಲ್ಲ ಹಾಕಿದ ಗಂಜಿ ಕುಡಿಸುತ್ತಿದ್ದ. ಅದು ಎರಡನೇ ಬಕೆಟ್ಟು.

"ಎಂತ ಮಾಡ್ತಿದೀಯ ಈರಪ್ಪ?" ಅಂದೆ.

"ಸೋಮವಾರ ಅಲ್ವಾ ಸ್ವಾಮಿ, ಬಸವಣ್ಣನ ದಿನ. ನಮ್ಮೂರಲ್ಲಿ ಇವತ್ತು ಎತ್ತಿಗೆ ನೊಗ ಇಡಲ್ಲ. ನೀವು ಬಿಡಲ್ಲ ಅಂತ ನಾನೇ ಇದರ ಹೊಟ್ಟೆ ತುಂಬಿಸಿಬಿಡ್ತೀನಿ. ಆಮೇಲೆ ಯಾರು ಹೇಳಿದ್ರೂ ಹಾರಲ್ಲ."

"ಇದೇನು ಗದ್ದೆ ಉಳೋ ಕೆಲಸವಾ ಮಾರಾಯ?"

"ಉತ್ತರೂ ಸುಸ್ತು, ಹಾರಿದ್ರೂ ಸುಸ್ತು."

ಜೇಬಿನಿಂದ ಹರಾಜಿನ ಪತ್ರ ತೆಗೆದು ಅವನಿಗೆ ಓದಿ ಹೇಳಿದೆ. ಬಕೆಟ್ಟು ಹಿಡಿದ ಅವನ ಕೈ ಅಲ್ಲೇ ನಿಂತಿತು.

"ಮೊದಲೇ ಒಂದು ಮಾತು ಹೇಳಬಾರದಿತ್ತಾ?"

"ನೀವು ಕೇಳ್ಲಿಲ್ಲ," ಅಂದ. ಕಣ್ಣು ತುಂಬಿತ್ತು.

ಅವತ್ತೇ ಮತ್ತೆ ಬರೆದೆ. ಸೋಮವಾರ ಹೋರಿಯ ಹೊಟ್ಟೆ ಭಾರವಾಗಿರುತ್ತದೆ, ಮಂಗಳವಾರ ತೆಗೆಯಲು ಅನುಮತಿ ಕೊಡಿ ಎಂದೆ. ವಾರದೊಳಗೆ ಹರಾಜು ರದ್ದಾಯಿತು, ಮಂಗಳವಾರಕ್ಕೆ ಒಪ್ಪಿಗೆಯೂ ಸಿಕ್ಕಿತು. ಆ ಉತ್ತರದ ಕೆಳಗೆ ಜಿಲ್ಲೆಯ ದೊಡ್ಡ ಡಾಕ್ಟರು ಕೈಯಾರೆ ಒಂದು ಸಾಲು ಸೇರಿಸಿದ್ದರು: ನಿಮ್ಮ ವೈಜ್ಞಾನಿಕ ಅವಲೋಕನ ಮೆಚ್ಚತಕ್ಕದ್ದು.