ಬ್ರೇಕ್ ಮೇಷ್ಟ್ರು ಹಾಯಿದೋಣಿ ಹತ್ತಿದ್ದು

ಮೂವತ್ತೆರಡು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದವರ ಬಲಗಾಲು ಹೇಗಿರುತ್ತದೆ ಅಂತ ತಿಳಿಯಬೇಕಾದರೆ ನಮ್ಮ ಬ್ರೇಕ್ ಮೇಷ್ಟ್ರನ್ನು ನೋಡಬೇಕು. ಕಲಿಯುವವರ ಪಕ್ಕದ ಸೀಟಿನಲ್ಲಿ ಮೇಷ್ಟ್ರಿಗೆ ಅಂತಲೇ ಇನ್ನೊಂದು ಬ್ರೇಕು ಇರುತ್ತದಲ್ಲ, ಅದನ್ನು ಒತ್ತಿ ಒತ್ತಿ ಆ ಕಾಲಿಗೆ ಚಟ ಹತ್ತಿತ್ತು. ಬಸ್ಸಿನಲ್ಲಿ ಕೂತರೂ ಒತ್ತುತ್ತಿತ್ತು, ಕ್ಷೌರದ ಕುರ್ಚಿಯಲ್ಲಿ ಕೂತರೂ ಒತ್ತುತ್ತಿತ್ತು. ಕ್ಷೌರದಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಸಿಕ್ಕಿಹಾಕಿಕೊಂಡ ಒಂದು ಕೋಣೆಯೇ ಅವರ ಸ್ಕೂಲು. ಗೋಡೆಗೆ ಬಣ್ಣ ಮಾಸಿದ ಸಿಗ್ನಲ್ ಚಿತ್ರಗಳು, ಮೇಜಿನ ಮೇಲೆ ರಿವರ್ಸ್ ಹೇಳಿಕೊಡಲು ಎರಡು ಮರದ ಆಟಿಕೆ ಕಾರು.

ಊರಿನ ಅರ್ಧ ಜನ ಅವರ ಹತ್ತಿರ ಕಲಿತವರೇ. ಕಲಿಯದೆ ಹೋದವರು ಅಂತ ಮೇಷ್ಟ್ರು ಒಪ್ಪಿಕೊಳ್ಳುತ್ತಿದ್ದದ್ದು ಇಬ್ಬರನ್ನು ಮಾತ್ರ. ಒಬ್ಬಳು ನಾಲ್ಕು ಸಲ ಪರೀಕ್ಷೆಯಲ್ಲಿ ಫೇಲಾದ ಒಂದು ಹುಡುಗಿ. "ನಿನಗೆ ಸ್ಟೀರಿಂಗ್ ಕೈಗೆ ಹತ್ತೋದಿಲ್ಲಮ್ಮ, ಬೇರೆ ಏನಾದ್ರೂ ನೋಡ್ಕೋ" ಅಂತ ಬೆನ್ನು ತಟ್ಟಿ ಕಳಿಸಿದ್ದರು. ಇನ್ನೊಬ್ಬಳು ಅವರ ಹೆಂಡತಿ. ಆಕೆ ದೊಡ್ಡಾಸ್ಪತ್ರೆಯೊಂದರಲ್ಲಿ ಫೋನ್ ಎತ್ತುವ ಕೆಲಸದಲ್ಲಿದ್ದವರು. ಆ ಕಡೆಯಿಂದ ಯಾರು ಎಷ್ಟೇ ಕಿರುಚಲಿ, "ನಿಧಾನವಾಗಿ ಹೇಳಿ, ನಾನು ಕೇಳ್ತಾ ಇದೀನಿ" ಅನ್ನುವ ದನಿ ಒಂದು ದಿನವೂ ಏರಿದ್ದಿಲ್ಲ. ಮದುವೆಯಾದ ಹೊಸತರಲ್ಲಿ ಕಾರು ಕಲಿಯಲು ಹೊರಟು, ಎರಡನೇ ದಿನವೇ ನಡುರಸ್ತೆಯಲ್ಲಿ ಇಳಿದು, ಬಸ್ಸು ಹಿಡಿದು ಮನೆಗೆ ಬಂದುಬಿಟ್ಟಿದ್ದರು. ಆಮೇಲೆ ಕಾರಿನ ಸುದ್ದಿಯನ್ನೇ ಎತ್ತಲಿಲ್ಲ.

ಆಕೆ ನಿವೃತ್ತರಾದ ತಿಂಗಳಲ್ಲೇ ಆ ಫೇಲಾದ ಹುಡುಗಿಯಿಂದ ಫೋನು ಬಂತು. ಹುಡುಗಿ ಅಂದರೆ ಈಗ ನಲವತ್ತು ದಾಟಿದ ಹೆಂಗಸು. ಮೇಷ್ಟ್ರ ಮಾತು ಕೇಳಿ ನಿಜವಾಗಿಯೂ ಬೇರೆ ಏನೋ ನೋಡಿಕೊಂಡಿದ್ದಳು: ದಕ್ಷಿಣದ ಬೆಚ್ಚನೆಯ ಸಮುದ್ರದ ದ್ವೀಪಗಳ ನಡುವೆ ಸ್ವಂತ ಹಾಯಿದೋಣಿ ನಡೆಸುತ್ತಿದ್ದಳು. "ಮೇಷ್ಟ್ರೇ, ಅಕ್ಕನ್ನ ಕರ್ಕೊಂಡು ಬನ್ನಿ. ಆರು ದಿನ ನನ್ನ ದೋಣೀಲಿ ಇರಿ. ಗುರುದಕ್ಷಿಣೆ ಅನ್ಕೊಳ್ಳಿ."

"ಫೇಲಾದವಳು ಗುರುದಕ್ಷಿಣೆ ಕೊಡೋದೇ?" ಅಂತ ಮೇಷ್ಟ್ರು ಗೊಣಗಿದರು. ಹೆಂಡತಿ ಅಷ್ಟು ಹೊತ್ತಿಗೆ ಬ್ಯಾಗು ಇಳಿಸಿ ಧೂಳು ಒರೆಸುತ್ತಿದ್ದರು.

ಮೊದಲ ದಿನ ಮೇಷ್ಟ್ರು ದೋಣಿಯನ್ನು ಹಿಂದೆ ಮುಂದೆ ಪರೀಕ್ಷಿಸಿ ಕೇಳಿದ ಪ್ರಶ್ನೆ ಒಂದೇ. "ಇದಕ್ಕೆ ಬ್ರೇಕ್ ಎಲ್ಲಿ?"

"ಇಲ್ಲ ಮೇಷ್ಟ್ರೇ," ಅಂದಳು ದೋಣಿಯವಳು.

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ."

ಮೂರು ದಿನ ಅವರ ಬಲಗಾಲು ದೋಣಿಯ ಹಲಗೆಯನ್ನು ತುಳಿದದ್ದೇ ತುಳಿದದ್ದು. ಹೆಂಡತಿ ಮಾತ್ರ ಹಾಯಿಯ ನೆರಳಿನಲ್ಲಿ ಕಾಲು ಚಾಚಿ, ಒಂದು ದ್ವೀಪ ಹಿಂದೆ ಸರಿದು ಇನ್ನೊಂದು ಹತ್ತಿರವಾಗುವುದನ್ನು ನೋಡುತ್ತಿದ್ದರು. ಬೆಳಿಗ್ಗೆ ಹಸಿರು ನೀರು, ಮಧ್ಯಾಹ್ನ ನೀಲಿ ನೀರು. ತೆಂಗಿನ ಮರಗಳಿದ್ದ ಕಡೆ ಲಂಗರು ಹಾಕಿ, ಬ್ರೆಡ್ಡು ಮೊಟ್ಟೆ ತಿಂದು ನಿದ್ದೆ. "ಗಂಟೆಗೆ ಎಷ್ಟು ಕಿಲೋಮೀಟರ್ ಹೋಗ್ತಾ ಇದೀವಿ?" ಅಂತ ಮೇಷ್ಟ್ರು ಕೇಳಿದಾಗಲೆಲ್ಲ "ನಡೆದು ಹೋಗೋಷ್ಟು" ಅಂತ ಉತ್ತರ ಬರುತ್ತಿತ್ತು.

ನಾಲ್ಕನೇ ದಿನ ಎರಡು ದ್ವೀಪಗಳ ನಡುವೆ ಓಣಿಯಂಥ ಇಕ್ಕಟ್ಟು ಜಾಗ ಬಂತು. ಎರಡೂ ಕಡೆ ನೀರಿನಡಿ ಹವಳದ ಬಂಡೆ, ಮರಳ ದಿಬ್ಬ. ಅಂಥಲ್ಲಿ ಇಂಜಿನ್ ಹಾಕಿಕೊಂಡು ಹೋಗುವುದು ರೂಢಿ. ಅವತ್ತು ಇಂಜಿನ್ ಕೆಮ್ಮಿ ಸುಮ್ಮನಾಯಿತು, ಹಾಯಿಯಲ್ಲೇ ದಾಟಬೇಕಾಯಿತು. ದೋಣಿಯವಳು ಮುಂದೆ ನಿಂತು ನೀರಿನ ಬಣ್ಣ ನೋಡಿ ದಾರಿ ಹೇಳಬೇಕು, ಹಿಂದೆ ಚುಕ್ಕಾಣಿ ಹಿಡಿಯಲು ಒಬ್ಬರು ಬೇಕು.

"ಯಾರಾದ್ರೂ ಒಬ್ರು ಬನ್ನಿ" ಅನ್ನುವುದರೊಳಗೆ ಮೇಷ್ಟ್ರು ಎದ್ದಾಗಿತ್ತು. ಅದೇನು ಕೇಳುವ ಮಾತೇ!

"ಮೇಷ್ಟ್ರೇ, ಇದು ಉಲ್ಟಾ. ಹಿಡಿಕೆ ಬಲಕ್ಕೆ ತಳ್ಳಿದ್ರೆ ದೋಣಿ ಎಡಕ್ಕೆ ತಿರುಗತ್ತೆ. ನೆನಪಿರಲಿ."

"ನನಗೆ ಹೇಳ್ಕೊಡ್ತೀಯಾ?" ಅಂದರು ಮೇಷ್ಟ್ರು.

ಐದು ನಿಮಿಷ ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಮುಂದಿನಿಂದ "ಎಡಕ್ಕೆ! ಬೇಗ!" ಅಂತ ಕೂಗು ಬಂತು. ಮೂವತ್ತೆರಡು ವರ್ಷದ ಕೈ ಯೋಚನೆ ಮಾಡುತ್ತದೆಯೇ? ಹಿಡಿಕೆಯನ್ನು ಎಡಕ್ಕೇ ಎಳೆದರು, ಬಲಗಾಲಿನಿಂದ ಹಲಗೆಯನ್ನೂ ಜೋರಾಗಿ ಒತ್ತಿದರು. ದೋಣಿ ನೆಟ್ಟಗೆ ಬಲಕ್ಕೆ ತಿರುಗಿ, ಮರಳಿನ ದಿಬ್ಬದ ಮೇಲೆ ಸರ್ರನೆ ಏರಿ ಕೂತಿತು.

ಪುಣ್ಯಕ್ಕೆ ಮರಳು, ಬಂಡೆಯಲ್ಲ. ಯಾರಿಗೂ ಏನೂ ಆಗಲಿಲ್ಲ. ಆದರೆ ಅದು ಇಳಿತದ ಹೊತ್ತು. ನೀರು ಇಳಿದಂತೆ ದೋಣಿ ಮೆಲ್ಲಗೆ ಒಂದು ಮಗ್ಗುಲಿಗೆ ವಾಲಿತು.

"ಈಗೇನು ಮಾಡೋದು?" ಮೇಷ್ಟ್ರ ದನಿ ಸಣ್ಣದಾಗಿತ್ತು.

"ಏನಿಲ್ಲ. ನೀರು ಮತ್ತೆ ಏರೋವರೆಗೆ ಕೂತಿರೋದು. ಆರು ಗಂಟೆ ಹೊತ್ತು ಹಿಡೀಬೋದು," ಅಂದಳು ದೋಣಿಯವಳು. ನಗು ತಡೆಯಲಾರದೆ ಇಂಜಿನ್ ನೋಡುವ ನೆಪದಲ್ಲಿ ಕೆಳಗಿಳಿದಳು.

ವಾಲಿದ ದೋಣಿಯಲ್ಲಿ ಗಂಡ ಹೆಂಡತಿ ಒಬ್ಬರ ಮೇಲೊಬ್ಬರು ಜಾರುತ್ತ ಕೂತರು. ಹೆಂಡತಿ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದರು. ಮೇಷ್ಟ್ರು ಬೇಡ ಅಂದರು, ಆಮೇಲೆ ನಾಲ್ಕು ತಿಂದರು.

"ಅವತ್ತು ಕಾರಿಂದ ಯಾಕೆ ಇಳಿದು ಹೋದೆ?" ಇದ್ದಕ್ಕಿದ್ದಂತೆ ಕೇಳಿದರು.

ಹೆಂಡತಿ ಬಿಸ್ಕತ್ತು ಮುಗಿಸಿ ಕೈ ಕೊಡವಿಕೊಂಡರು. "ಊರೋರಿಗೆಲ್ಲ 'ಪರವಾಗಿಲ್ಲ, ಇನ್ನೊಂದ್ಸಲ ನೋಡೋಣ' ಅಂತಿದ್ರಿ. ನನಗೊಬ್ಬಳಿಗೇ ಕಿರುಚಿದ್ರಿ. ಅದಕ್ಕೆ."

ಮೇಷ್ಟ್ರು ಬಿಸ್ಕತ್ತಿನ ಚೂರೊಂದನ್ನು ಮರಳಿನ ಮೇಲೆ ಓಡಾಡುತ್ತಿದ್ದ ಏಡಿಗಳ ಕಡೆ ಎಸೆದರು. "ಬೇರೆಯವರು ಗುದ್ದಿದ್ರೆ ಗಾಡಿ ರಿಪೇರಿ ಮಾಡಿಸ್ಬೋದು ಅನ್ನಿಸ್ತಿತ್ತು. ನೀನು ಸ್ಟೀರಿಂಗ್ ಹಿಡಿದ್ರೆ... ನಿಂಗೇನಾದ್ರೂ ಆದ್ರೆ ರಿಪೇರಿ ಮಾಡಿಸೋಕಾಗತ್ತೇನೇ?"

"ಹೆದರಿಕೆ ಅಂತ ಹೇಳೋಕೆ ಏನಾಗಿತ್ತು? ನಾನು ಬೈಗುಳ ಅನ್ಕೊಂಡೆ."

"ಡ್ರೈವಿಂಗ್ ಮೇಷ್ಟ್ರು ಹೆದರ್ತಾನೆ ಅಂತ ಹೇಳೋಕಾಗತ್ತಾ?"

ಆಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗುತ್ತಲೇ ಅವರ ಮೈಮೇಲೆ ಜಾರಿದರು. ಅದರಲ್ಲಿ ದೋಣಿಯ ಪಾಲು ಎಷ್ಟು, ಆಕೆಯದೆಷ್ಟು ಅಂತ ಹೇಳುವುದು ಕಷ್ಟ.

ಬಿಸಿಲು ಇಳಿಯುವ ಹೊತ್ತಿಗೆ ನೀರು ಏರಿ ದೋಣಿ ನೆಟ್ಟಗಾಯಿತು. ಇಂಜಿನ್ ಇನ್ನೂ ಮುನಿಸಿಕೊಂಡೇ ಇತ್ತು. ದೋಣಿಯವಳು ಹಿಂತಿರುಗಿ ನೋಡಿದಳು. ಈ ಸಲ ಎದ್ದದ್ದು ಹೆಂಡತಿ.

"ರೀ, ಪಕ್ಕದಲ್ಲಿ ಕೂತ್ಕೊಳ್ಳಿ. ಆದ್ರೆ ತುಟಿ ಪಿಟಕ್ ಅನ್ನಬಾರದು."

ಮೇಷ್ಟ್ರು ಬಲಗಾಲನ್ನು ಎಡಗಾಲಿನ ಕೆಳಗೆ ಮಡಚಿ, ಎರಡೂ ಕೈಯಲ್ಲಿ ಹಲಗೆ ಹಿಡಿದು ಕೂತರು. ಮುಂದಿನಿಂದ "ಎಡಕ್ಕೆ ಸ್ವಲ್ಪ", "ಬಲಕ್ಕೆ, ಸಾಕು" ಅಂತ ಕೂಗು ಬಂದಂತೆ ಆಕೆ ಫೋನಿನಲ್ಲಿ ಅಂದಷ್ಟೇ ನಿಧಾನವಾಗಿ "ಹ್ಞೂಂ, ಕೇಳಿಸ್ತು" ಅನ್ನುತ್ತ ಹಿಡಿಕೆಯನ್ನು ಅತ್ತ ಇತ್ತ ಸರಿಸಿದರು. ಒಂದು ಕಡೆ ಕಪ್ಪು ಬಂಡೆ ಕೈಗೆಟಕುವಷ್ಟು ಹತ್ತಿರ ಬಂದು ಹಿಂದೆ ಹೋಯಿತು. ಮೇಷ್ಟ್ರ ಹಣೆಯಿಂದ ಬೆವರು ತೊಟ್ಟಿಕ್ಕಿತೇ ಹೊರತು ಬಾಯಿಂದ ಮಾತು ಬರಲಿಲ್ಲ. ಓಣಿ ಮುಗಿದು ನೀಲಿ ನೀರು ಬಂದ ಮೇಲೆ ಅವರೆಂದರು, "ಪರವಾಗಿಲ್ಲ."

"ಅಷ್ಟೇನಾ?"

"ಚೆನ್ನಾಗಿ ಓಡಿಸ್ದೆ. ನನಗಿಂತ ಚೆನ್ನಾಗಿ."

ಅಲ್ಲಿಂದ ಮುಂದೆ ಚುಕ್ಕಾಣಿ ಆಕೆಯ ಕೈಬಿಡಲಿಲ್ಲ. ಮೇಷ್ಟ್ರಿಗೆ ಟೀ ಮಾಡುವ ಕೆಲಸ ಸಿಕ್ಕಿತು. ಅರ್ಧ ಚೆಲ್ಲಿ ಅರ್ಧ ತಂದುಕೊಡುತ್ತಿದ್ದರು. ಆರನೇ ದಿನ ಬಂದರು ಕಂಡಾಗ ಹೆಂಡತಿ ದೋಣಿಯವಳ ಕಿವಿಯಲ್ಲಿ ಏನೋ ಹೇಳಿದರು. ಇಬ್ಬರೂ ನಕ್ಕರು. ದೋಣಿ ಮತ್ತೆ ದ್ವೀಪಗಳ ಕಡೆ ತಿರುಗಿತು.

ಸಿಗ್ನಲ್ ಸಿಗುವ ಕೊನೆಯ ಜಾಗದಲ್ಲಿ ಮೇಷ್ಟ್ರು ಊರಿನಲ್ಲಿದ್ದ ಮಗಳಿಗೆ ಫೋನ್ ಮಾಡಿದರು. "ನಾವು ಇನ್ನೂ ನಾಲ್ಕು ದಿನ ಬರೋದಿಲ್ಲ. ನಿಮ್ಮಮ್ಮ ಇಳಿಯಲ್ಲ ಅಂತ ಹಟ ಹಿಡಿದಿದ್ದಾಳೆ."

"ಅಮ್ಮ ಹಟ ಮಾಡ್ತಿದ್ದಾಳಾ? ಏನ್ ಮಾಡಿದ್ರಿ ಅಪ್ಪಾ ಅವಳಿಗೆ?"

"ನಾನೇನೂ ಮಾಡ್ಲಿಲ್ಲಮ್ಮ," ಅಂದರು ಮೇಷ್ಟ್ರು. "ಸುಮ್ನೆ ಪಕ್ಕದಲ್ಲಿ ಕೂತಿದ್ದೆ. ಅದೇ ಕಾರಣ ಇರ್ಬೇಕು."