ಐದು ಬೆರಳು

ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ನನ್ನ ಮಗ ಫೋಟೋದಲ್ಲಿದ್ದಾನೆ. ಬೆಟ್ಟದ ತುದಿಯ ಅಮ್ಮನ ಗುಡಿ, ಅದರ ಕೊನೆಯ ಮೆಟ್ಟಿಲು, ನೀಲಿ ಚೌಕಳಿ ಅಂಗಿ, ತೊಡೆಯ ಮೇಲೆ ನೀರಿನ ಬಾಟಲಿ. ಹನ್ನೊಂದು ನಲವತ್ತಾರರ ಫೋಟೋದಲ್ಲಿ ಅದೇ ಮೆಟ್ಟಿಲಿದೆ, ಬಾಟಲಿ ಇದೆ, ಅವನಿಲ್ಲ. ನಡುವಿನ ನಾಲ್ಕು ಫೋಟೋಗಳಲ್ಲಿ ಇರುವುದು ಬಂಡೆಯ ಮೇಲಿನ ಒಂದು ಹಳೆಯ ಶಾಸನ. ಮೂರನೆಯದು ಚೆನ್ನಾಗಿ ಬಂದಿದೆ, ಅಕ್ಷರಗಳನ್ನು ಬಿಡಿಸಿ ಓದಬಹುದು. ನಾನಿನ್ನೂ ಓದಿಲ್ಲ.

ಆದರೆ ಆ ಆರು ನಿಮಿಷಗಳಿಗಿಂತ, ಅದಕ್ಕೂ ಒಂದು ವರ್ಷ ಹಿಂದಿನ ಒಂದು ನಿಮಿಷ ನನ್ನನ್ನು ಹೆಚ್ಚು ಕಾಡುತ್ತದೆ. ಅದನ್ನು ಹೇಳಬೇಕಾದರೆ ಮೊದಲು ನಮ್ಮ ತಿರುಗಾಟದ ವಿಷಯ ಹೇಳಬೇಕು.

ನಾವಿರುವುದು ಮಾಲೂರಿನಲ್ಲಿ. ಗಂಡನಿಗೆ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸ, ನಾನು ಮನೆಯಲ್ಲೇ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಓದಿದ್ದು ಇತಿಹಾಸದಲ್ಲಿ ಬಿ.ಎ. ಆ ಓದು ಯಾವ ಕೆಲಸಕ್ಕೂ ಬರಲಿಲ್ಲ, ಭಾನುವಾರಗಳಿಗೆ ಮಾತ್ರ ಬಂತು. ಬೀರುವಿನ ಬಾಗಿಲ ಒಳಗಡೆ ಒಂದು ಹಾಳೆ ಅಂಟಿಸಿದ್ದೆ: ಟಿಕೆಟಿಲ್ಲದೆ ನೋಡಬಹುದಾದ ಜಾಗಗಳು. ಕೋಲಾರದ ಹಳೆಯ ಗುಡಿಗಳು, ಮುಳಬಾಗಿಲ ಕಡೆಯ ಬೆಟ್ಟಗಳು. ಹದಿನೈದರೊಳಗಿನ ಮಕ್ಕಳಿಗೆ ಟಿಕೆಟಿಲ್ಲ ಎಂದು ಬೋರ್ಡು ಹಾಕಿರುವ ದೂರದ ಸ್ಮಾರಕಗಳು ಹಾಳೆಯ ಕೊನೆಗೆ, ಎಂದಾದರೂ ಹೋಗಲು. ವಿಗ್ರಹ ಕೆತ್ತುವವರ ಊರು ಶಿವಾರಪಟ್ಟಣವೂ ಇತ್ತು. ಅದು ಸ್ಮಾರಕವಲ್ಲ. ಆದರೂ ಶೆಡ್ಡಿನ ಬಾಗಿಲಲ್ಲಿ ನಿಂತು ಕಲ್ಲು ದೇವರಾಗುವುದನ್ನು ಮಧ್ಯಾಹ್ನದವರೆಗೆ ನೋಡಿದರೂ ಅಲ್ಲಿ ಯಾರೂ ಏನೂ ಕೇಳುವುದಿಲ್ಲ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿಲ್ಲ ಎಂದಾದ ಮೇಲೆ ಹಾಳೆ ಇನ್ನೂ ಉದ್ದವಾಯಿತು. ನನಗೂ ಅತ್ತೆಗೂ ಆಧಾರ್ ಕಾರ್ಡು ತೋರಿಸಿದರೆ ಸಾಕು. ಗಂಡನಿಗೆ ಮಾತ್ರ ಟಿಕೆಟು. ಅಕ್ಕಪಕ್ಕದವರು ರಜೆ ಬಂದರೆ ಎಲ್ಲಿಗೆ ಹೋಗುವುದೆಂದು ನನ್ನನ್ನೇ ಕೇಳುತ್ತಿದ್ದರು. ಅದರಲ್ಲಿ ನನಗೆ ಸ್ವಲ್ಪ ಜಂಬವೂ ಇತ್ತು.

ಉಳಿದವನು ಮಗ. ಆರು ತುಂಬುವವರೆಗೆ ಮಕ್ಕಳಿಗೆ ಬಸ್ಸಿನಲ್ಲಿ ಏನೂ ಇಲ್ಲ, ಆಮೇಲೆ ಅರ್ಧ ಟಿಕೆಟು. ಅವನಿಗೆ ಆರು ತುಂಬಿದ ಮರುವಾರ ಕೋಲಾರದ ಬಸ್ಸಿನಲ್ಲಿ ಕಂಡಕ್ಟರು ಎಷ್ಟು ವರ್ಷ ಎಂದು ಕೇಳಿದ. ನನ್ನ ಬಾಯಿಂದ ಐದು ಎಂದು ಬಂತು. ಅಷ್ಟೇ. ಯೋಚಿಸಿ ಹೇಳಿದ್ದಲ್ಲ. ಆದರೆ ಮುಂದಿನ ಸಲ ಯೋಚಿಸಿದೆ. ಅದರ ಮುಂದಿನ ಸಲ ಮಗನಿಗೇ ಕಲಿಸಿದೆ. ಒಂದು ವರ್ಷಕ್ಕೂ ಮಿಕ್ಕಿ ಅವನಿಗೆ ಐದೇ ವರ್ಷ.

ತೊಂದರೆ ಕೊಟ್ಟಿದ್ದು ಹಲ್ಲು. ಏಳಕ್ಕೆ ಮುಂದಿನ ಎರಡು ಹಲ್ಲು ಬಿದ್ದವು. ಒಬ್ಬ ಕಂಡಕ್ಟರು ಅವನ ಬಾಯಿ ನೋಡಿ ನಕ್ಕು, "ಐದಕ್ಕೇ ಹಲ್ಲು ಉದ್ರೋಯ್ತಾ? ಹತ್ತಕ್ಕೆ ಮದ್ವೆ ಮಾಡ್ಬಿಡಮ್ಮ" ಎಂದ. ಸುತ್ತಲಿನವರೆಲ್ಲ ನಕ್ಕರು. ಅವತ್ತು ಮನೆಗೆ ಬಂದು ಅವನಿಗೆ ಹೊಸ ಪಾಠ ಹೇಳಿದೆ. ಖಾಕಿ ಹಾಕಿದವರು ಕೇಳಿದರೆ ಬಾಯಿ ತೆಗೆಯಬೇಡ, ಐದು ಬೆರಳು ತೋರಿಸು, ಸಾಕು. ಬಾಯಿ ತೆಗೆದರೆ ಏನಾಗುತ್ತದೆ ಎಂದು ಕೇಳಿದ. ಅಮ್ಮನನ್ನು ಬಸ್ಸಿಂದ ಇಳಿಸಿ ಹಿಡಿದುಕೊಂಡು ಹೋಗ್ತಾರೆ ಎಂದೆ. ಮಕ್ಕಳಿಗೆ ಹೇಳುವ ಮಾತು ಅದು, ಹೇಳಿ ಮರೆತೂಬಿಟ್ಟೆ.

ಅತ್ತೆಗೆ ಇದೆಲ್ಲ ಗೊತ್ತಿತ್ತು, ನನ್ನ ಪಕ್ಕದಲ್ಲೇ ಕೂರುವವರು. ಹಿಂದಿನ ಸೀಟಿನ ಗಂಡನಿಗೆ ಗೊತ್ತಿರಲಿಲ್ಲ. ಮಗನ ಅರ್ಧ ಟಿಕೆಟನ್ನು ಮುಂದಿನ ಸೀಟಿನಲ್ಲಿ ನಾನೇ ತೆಗೆಸುತ್ತೇನೆ ಎಂದು ಅವರು ತಿಳಿದಿದ್ದರು.

ಮುಳಬಾಗಿಲು ತಾಲ್ಲೂಕಿನ ಆ ಬೆಟ್ಟಕ್ಕೆ ಹೋದ ದಿನ ಅತ್ತೆ ದಾರಿಯುದ್ದಕ್ಕೂ ಬೆಟ್ಟದ ಕಥೆ ಹೇಳಿದರು. ಕಾಡಿಗೆ ಬಂದ ತುಂಬು ಬಸುರಿಯೊಬ್ಬಳು ಅಲ್ಲಿ ಗಂಡುಮಗು ಹೆತ್ತಳು. ಒಂದು ದಿನ ಮಗುವನ್ನು ಋಷಿಯ ಹತ್ತಿರ ಬಿಟ್ಟು ನೀರಿಗೆ ಹೊರಟವಳು, ಮನಸ್ಸು ತಡೆಯದೆ ಹಿಂದಿರುಗಿ ಎತ್ತಿಕೊಂಡು ಹೋದಳು. ಕಣ್ಣು ಬಿಟ್ಟ ಋಷಿಗೆ ತೊಟ್ಟಿಲು ಖಾಲಿ ಕಂಡಿತು. ತಾಯಿಗೆ ಏನು ಹೇಳಲಿ ಎಂದು ಹೆದರಿ ದರ್ಭೆಯ ಹುಲ್ಲಿನಿಂದ ಅಂಥದೇ ಮಗು ಮಾಡಿ ಮಲಗಿಸಿದ. ತಾಯಿ ಬಂದಾಗ ಒಂದು ಮಗು ಎರಡಾಗಿತ್ತು. ಮಗ ಕೇಳಿದ, ಹುಲ್ಲಿನ ಮಗುವಿಗೆ ಎಷ್ಟು ವರ್ಷ ಅಜ್ಜಿ ಎಂದು. ಅತ್ತೆ ನನ್ನ ಕಡೆ ನೋಡಿ, "ಅದನ್ನ ನಿಮ್ಮಮ್ಮನ್ನ ಕೇಳು ಕಣೋ, ಲೆಕ್ಕ ಅವಳ್ದೇ" ಎಂದರು. ಇಬ್ಬರೂ ನಕ್ಕೆವು.

ಅತ್ತೆಗೆ ಮಂಡಿ ನೋವು. ಗಂಡ ಅವರ ಜೊತೆ ಕೆಳಗಿನ ದೇವಸ್ಥಾನದಲ್ಲೇ ಉಳಿದರು. ಮಗನೂ ನಾನೂ ಬೆಟ್ಟ ಹತ್ತಿದೆವು. ಮೇಲೆ ಫೋನಿಗೆ ಸಿಗ್ನಲ್ ಇರಲಿಲ್ಲ. ಶಾಸನದ ನಾಲ್ಕು ಫೋಟೋ ತೆಗೆದು, ಗುಡಿಯ ಕಡೆ ತಿರುಗಿ ಇನ್ನೊಂದು ಒತ್ತಿದೆ. ಮೆಟ್ಟಿಲ ಮೇಲೆ ಅವನಿರಲಿಲ್ಲ.

ಮೊದಲು ಸಿಟ್ಟು ಬಂತು. ಗುಡಿಯ ಸುತ್ತ ಎರಡು ಸುತ್ತು ಬಂದೆ, ಕೂಗಿದೆ. ಬಂಡೆಗಳ ಸಂದಿಯಲ್ಲಿ ನೋಡಿದೆ. ಮೆಟ್ಟಿಲು ಇಳಿಯುತ್ತಿದ್ದ ಯಾರೋ ಗಂಡ ಹೆಂಡತಿಗೆ ನಮ್ಮವರ ಗುರುತು ಹೇಳಿ, ಕೆಳಗೆ ತಿಳಿಸಿ ಎಂದೆ. ಅಷ್ಟರಲ್ಲಿ ಮೇಕೆ ಮೇಯಿಸುತ್ತಿದ್ದ ಒಬ್ಬ ಮುದುಕ ಕೈಯಲ್ಲಿ ಏನನ್ನೋ ಹಿಡಿದು ಬಂದ. ನೀಲಿ ಚೌಕಳಿ ಅಂಗಿ.

ಎಲ್ಲಿ ಸಿಕ್ಕಿತು ಎಂದು ನಾನು ಕೇಳಲಿಲ್ಲ. ಅವನೇ ಕರೆದುಕೊಂಡು ಹೋದ. ಗುಡಿಯ ಹಿಂದೆ, ಬಂಡೆಯ ಹೊಟ್ಟೆಯಲ್ಲಿ ಮಳೆನೀರು ನಿಂತ ದೊಣೆ. ಹಸಿರು ನೀರು, ಮೇಲೆ ಒಂದು ಅಲೆಯೂ ಇಲ್ಲ. ಅಂಚಿನಲ್ಲಿ ಒದ್ದೆಯಾದ ಪುಟ್ಟ ಹೆಜ್ಜೆಗಳು ಬಿಸಿಲಿಗೆ ಆರುತ್ತಿದ್ದವು. ಎಷ್ಟು ಆಳ ಎಂದೆ. ಎರಡಾಳು ಎಂದ. ರುಮಾಲು ಬಿಚ್ಚಿಟ್ಟು ನೀರಿಗಿಳಿದ.

ಈಗಲೂ ನಾನು ನೋಡುವುದು ಅದನ್ನೇ. ಪಾತ್ರೆ ತೊಳೆಯುವಾಗ, ಟ್ಯೂಷನ್ ಮಕ್ಕಳು ಮಗ್ಗಿ ಹೇಳುವಾಗ, ಆ ನರೆತ ತಲೆ ನೀರೊಳಗೆ ಹೋಗುತ್ತದೆ. ನೀರು ಮುಚ್ಚಿಕೊಳ್ಳುತ್ತದೆ. ನಾನು ಎಣಿಸುತ್ತೇನೆ. ತಲೆ ಮೇಲೆ ಬರುತ್ತದೆ, ಅದಕ್ಕಿಂತ ಮೊದಲು ಕೈ. ಕೈಯಲ್ಲಿ ಏನಿದೆ ಎಂದು ನೋಡಬೇಕು. ನೋಡಬಾರದು. ಕೊಳೆತ ಎಲೆ. ಮತ್ತೆ ಮುಳುಗುತ್ತಾನೆ. ಒಂದು ಸಲ ಉದ್ದನೆಯ ಕಪ್ಪು ಬಟ್ಟೆಯಂಥದ್ದು ಬಂತು, ಯಾರೋ ಯಾವತ್ತೋ ಬಿಟ್ಟ ಚೀಲ. ಮುದುಕ ಉಸಿರೆಳೆದುಕೊಂಡು ನನ್ನ ಮುಖ ನೋಡದೆ ಹೇಳಿದ, "ಮೂಲೇನಾಗೆ ಇನ್ನೊಂದ್ ದಪ ನೋಡ್ತೀನಿ, ನೀನು ಅತ್ಲಾಗ್ ತಿರುಕ್ಕೊ ತಾಯಿ." ಇನ್ನಿಬ್ಬರು ಯುವಕರು ಬಂದು ಉದ್ದ ಕೋಲಿನಿಂದ ತಳ ಕೆದಕತೊಡಗಿದರು. ಕೋಲು ಕಲ್ಲಿಗೆ ತಾಗಿದ ಸದ್ದಿಗೂ ಮೆತ್ತಗಿನದಕ್ಕೆ ತಾಗಿದ ಸದ್ದಿಗೂ ಇರುವ ವ್ಯತ್ಯಾಸ ನನಗೆ ಅವತ್ತಿನಿಂದ ಗೊತ್ತು.

ಕೆಳಗೆ ನಡೆದದ್ದು ನನಗೆ ಆಮೇಲೆ ತಿಳಿಯಿತು. ಸುದ್ದಿ ಮುಟ್ಟಿದ ಕೂಡಲೇ ಗಂಡ ದೇವಸ್ಥಾನದ ಮೈಕಿನಲ್ಲಿ ಕೂಗಿಸಿದರು: ಏಳು ವರ್ಷ, ಎರಡನೇ ಕ್ಲಾಸು, ನೀಲಿ ಅಂಗಿ. ಅತ್ತೆ ಗರ್ಭಗುಡಿಯ ಮುಂದೆ ಕೂತು ಹರಕೆ ಹೊರುತ್ತಿದ್ದರು. ಸ್ವಲ್ಪ ಹೊತ್ತಿಗೆ, ಬಾಗಿಲಲ್ಲಿ ಹೂ ಮಾರುವ ಹೆಂಗಸಿಗೆ ಬೆಟ್ಟದ ಆಚೆ ಬದಿಯ ಟೀ ಅಂಗಡಿಯಿಂದ ಫೋನು ಬಂತು. ಅವಳು ಗಂಡನನ್ನು ಕರೆದು ಕೇಳಿದಳು.

"ಆ ಕಡೆ ಬಸ್ ಸ್ಟಾಪ್ನಾಗೆ ಒಂದು ಮಗ ಸಿಕ್ಕೈತಂತೆ ಕಣಣ್ಣ. ಐದು ವರ್ಷದ್ದು. ಮೂಗ ಅಂತೆ, ಏನು ಕೇಳಿದ್ರೂ ಬೆರಳು ತೋರಿಸ್ತದಂತೆ, ಮೈಮೇಲೆ ಅಂಗಿ ಇಲ್ವಂತೆ. ನಿಮ್ದಾ?"

"ಅಲ್ಲಮ್ಮ. ನಮ್ಮೋನಿಗೆ ಏಳು. ಬಾಯಿ ಮುಚ್ಚೋನೇ ಅಲ್ಲ ಅವ್ನು."

ಅವಳು ಫೋನಿನಲ್ಲಿ ಅಲ್ಲವಂತೆ ಎಂದಳು. ಗಂಡ ಬೆಟ್ಟ ಹತ್ತತೊಡಗಿದರು.

ಅವರು ದೊಣೆಯ ಹತ್ತಿರ ಬಂದಾಗ ಒಂದೂಕಾಲು. ಅಂಗಿ ನನ್ನ ಕೈಯಲ್ಲಿತ್ತು. ಅದನ್ನು ನೋಡಿ, ಕೋಲು ಹಿಡಿದವರನ್ನು ನೋಡಿ, ಅಲ್ಲೇ ಕುಕ್ಕರಗಾಲಲ್ಲಿ ಕೂತರು. ಆಮೇಲೆ ತಮ್ಮಷ್ಟಕ್ಕೆ ಹೇಳಿಕೊಳ್ಳುವಂತೆ, "ಯಾರದೋ ಮಗ ಸಿಕ್ತಂತೆ, ನಮ್ದು ಸಿಗ್ಲಿಲ್ಲ. ಪಾಪ, ಮೂಗ. ಐದು ಬೆರಳು ತೋರಿಸ್ತಾನಂತೆ, ಅಷ್ಟೇ" ಎಂದರು.

ಮುದುಕ ಮತ್ತೆ ಮುಳುಗಲು ಉಸಿರು ಕಟ್ಟುತ್ತಿದ್ದ. ಅವನನ್ನು ನಿಲ್ಲಿಸಬೇಕಿದ್ದರೆ ಹೇಳಲೇಬೇಕಿತ್ತು, ಅಲ್ಲಿ ನಿಂತ ಅಷ್ಟೂ ಜನರ ಮುಂದೆ.

"ಅವನೇ ರೀ. ಬಸ್ಸಲ್ಲಿ ಹಾಗೆ ಮಾಡು ಅಂತ ನಾನೇ ಹೇಳ್ಕೊಟ್ಟಿದ್ದು."

ಮುದುಕ ನೀರಿನಿಂದ ಹತ್ತಿ ಬಂದ. ಪಂಚೆ ಹಿಂಡಿಕೊಂಡ. ಅವನಿಗೆ ಮೈ ನಡುಗುತ್ತಿತ್ತು, ಆ ಬಿಸಿಲಿನಲ್ಲೂ. ನಾನು ಅವನಿಗೆ ಕೈಮುಗಿದೆನೋ ಇಲ್ಲವೋ ನೆನಪಿಲ್ಲ. ನೆನಪಿಲ್ಲ ಎಂದರೆ ಕೈಮುಗಿಯಲಿಲ್ಲ ಎಂದೇ ಇರಬೇಕು. ನಾವು ಆಗಲೇ ಆಚೆ ಬದಿಯ ಕಾಲುದಾರಿಯಲ್ಲಿ ಓಡುತ್ತಿದ್ದೆವು.

ಟೀ ಅಂಗಡಿಯ ಬೆಂಚಿನ ತುದಿಯಲ್ಲಿ ಅವನು ಕೂತಿದ್ದ. ಬರಿಮೈ, ಮೊಣಕಾಲು ತರಚಿತ್ತು, ತುಟಿಗಳನ್ನು ಒಳಕ್ಕೆ ಎಳೆದುಕೊಂಡಿದ್ದ. ಪಕ್ಕದಲ್ಲಿ ಮುಟ್ಟದ ಬನ್ನು. ಅಂಗಡಿಯಾಕೆ ಎದ್ದು ಬಂದು, ನಮ್ಮನ್ನು ಮೇಲಿಂದ ಕೆಳಗೆ ನೋಡಿದಳು. ಆಂಧ್ರದ ಗಡಿಯ ರಾಯಲ್ಪಾಡಿನಿಂದ ಆ ಊರಿಗೆ ಮದುವೆಯಾಗಿ ಬಂದವಳಂತೆ. ಬಸ್ಸಿನ ಕಂಡಕ್ಟರು ಇವನನ್ನು ಇಲ್ಲಿ ಬಿಟ್ಟು ಹೋದನೆಂದು ಹೇಳಿದಳು. ತೆಲುಗಲ್ಲಿ ಕೇಳಿದ್ದಳು, ಕನ್ನಡದಲ್ಲಿ ಕೇಳಿದ್ದಳು, ಪಂಕ್ಚರ್ ಅಂಗಡಿಯ ಸಾಬರನ್ನು ಕರೆದು ಅವರ ಮಾತಲ್ಲೂ ಕೇಳಿಸಿದ್ದಳು. ಎಲ್ಲದಕ್ಕೂ ಐದು ಬೆರಳು.

"ಎರಡು ಗಂಟೆ ಹೊತ್ತು ಬಾಯೇ ಬಿಡ್ಲಿಲ್ಲ ಕಣಮ್ಮ. ಹಸ್ದವ್ನೆ ಅಂತ ಕಣ್ಣೇ ಹೇಳ್ತದೆ, ಬನ್ನು ಕೊಟ್ರೆ ಬಾಯಿಗಿಡ್ಲಿಲ್ಲ. ಏನು ಮಾಡಿದ್ರಿ ಮಗೂಗೆ?"

ಮಗ ನನ್ನನ್ನು ನೋಡಿ ಎದ್ದ. ಓಡಿ ಬರಲಿಲ್ಲ. ಮೊದಲು ರಸ್ತೆಯ ಎರಡೂ ಕಡೆ ನೋಡಿದ, ಯಾರಾದರೂ ಖಾಕಿಯವರು ಇದ್ದಾರೆಯೇ ಎಂದು. ಆಮೇಲೆ ನನ್ನ ಸೀರೆಗೆ ಮುಖವಿಟ್ಟು, ಬೇರೆ ಯಾರಿಗೂ ಕೇಳದ ಹಾಗೆ ಹೇಳಿದ. "ನಾನು ಹೇಳ್ಲಿಲ್ಲಮ್ಮ."

ನಡೆದದ್ದನ್ನು ಅವನು ತುಂಡು ತುಂಡಾಗಿ ಹೇಳಲು ಒಂದು ವಾರ ಹಿಡಿಯಿತು. ಸೆಖೆ ಎಂದು ದೊಣೆಯಲ್ಲಿ ಮುಖ ತೊಳೆದು ಅಂಗಿ ಬಿಚ್ಚಿಟ್ಟಿದ್ದ. ಮರಿ ಹೊತ್ತ ಮಂಗವೊಂದರ ಹಿಂದೆ ಇಳಿಯುತ್ತ ಹೋಗಿ ದಾರಿ ತಪ್ಪಿದ. ಕೆಳಗೆ ಬಸ್ಸು ಕಂಡಿತು. ಬಸ್ಸಿದ್ದರೆ ಅಮ್ಮ ಇರುತ್ತಾಳೆ. ಹತ್ತಲು ಹೋದವನನ್ನು ಕಂಡಕ್ಟರು ತಡೆದು, ಯಾರ ಜೊತೆ ಬಂದೆ, ಎಷ್ಟು ವರ್ಷ ಎಂದು ಕೇಳಿದ. ಪಾಠ ಚೆನ್ನಾಗಿ ಕಲಿತಿದ್ದ.

ವಾಪಸು ಬರುವಾಗ ಗಂಡ ಬಸ್ಸಿನಲ್ಲಿ ಮುಂದಕ್ಕೆ ಬಂದು, ನಮ್ಮ ಸೀಟಿನ ಕಂಬಿ ಹಿಡಿದು ನಿಂತು, ಒಂದು ಫುಲ್ಲು ಒಂದು ಹಾಫ್ ಎಂದು ಕೇಳಿದರು. ನನಗೆ ಬೈಯಲಿಲ್ಲ. ಬೈಯುತ್ತಾರೆ ಎಂದು ದಿನಾ ಕಾದೆ. ನನ್ನ ಹಾಗೆ ಅವರಿಗೂ ನಿದ್ದೆಯಿಲ್ಲ ಎಂದು ಗೊತ್ತಾಗಿದ್ದು ಹತ್ತು ದಿನದ ಮೇಲೆ. ಮಗ ಕನವರಿಸಿ ಎದ್ದು ಕೂತು, ನೀರು ಕುಡಿದು ಮಲಗಿದ್ದ. ಗಂಡ ಗೋಡೆಯ ಕಡೆ ತಿರುಗಿಕೊಂಡೇ, "ನೀನು ಐದು ಅಂತ ಕಲಿಸಿದ್ದೆ. ನಾನು ನಮ್ದಲ್ಲ ಅಂದ್ಬಿಟ್ನಲ್ಲೇ" ಎಂದರು. ಹುಲ್ಲಿನ ಮಗುವನ್ನು ಮಾಡಿದವಳು ನಾನು. ಅದು ತನ್ನ ಮಗುವಲ್ಲ ಎಂದು ತಂದೆ ಹೇಳಿದ್ದರಲ್ಲಿ ತಪ್ಪೇನಿತ್ತು?

ಮಗ ಶಾಲೆಯ ಗೇಟಿನ ವಾಚ್‌ಮನ್ ಎದುರು ಬಾಯಿ ಮುಚ್ಚಿಕೊಳ್ಳುತ್ತಾನೆ ಎಂದು ಟೀಚರು ಹೇಳಿಕಳಿಸಿದರು. ಬಸ್ಸು ಕಂಡರೆ ನನ್ನ ಹಿಂದೆ ನಿಲ್ಲುತ್ತಿದ್ದ. ಬೀರುವಿನ ಹಾಳೆಯನ್ನು ನಾನು ಕಿತ್ತು ಹಾಕಿದೆ. ಅತ್ತೆಗೆ ಅದು ಸರಿ ಬರಲಿಲ್ಲ. ಬೆಟ್ಟ ಏನು ಮಾಡ್ತು, ಮಗೂನ ಮನೇಲಿ ಕಟ್ಟಾಕ್ತೀಯಾ ಎಂದು ಜಗಳಕ್ಕೇ ಬಂದರು. ತಪ್ಪಿನಲ್ಲಿ ತಮ್ಮದೂ ಪಾಲಿದೆ ಎಂದು ಅವರು ಒಮ್ಮೆಯೂ ಹೇಳಲಿಲ್ಲ. ಆದರೆ ಆ ಕಥೆಯನ್ನು ಮತ್ತೆ ಅವನಿಗೆ ಹೇಳಿದ್ದು ನಾನು ಕೇಳಿಲ್ಲ.

ಅವರ ಹಟಕ್ಕೇ ಎರಡು ತಿಂಗಳ ನಂತರ ಒಂದು ಭಾನುವಾರ ಶಿವಾರಪಟ್ಟಣಕ್ಕೆ ಹೊರಟೆವು. ಹತ್ತಿರದ ಊರು. ಬಸ್ಸು ಅರ್ಧ ಖಾಲಿ. ನಾಲ್ವರೂ ಒಂದೇ ಕಡೆ ಕೂತೆವು. ಕಂಡಕ್ಟರು ಬಂದು, ಹುಡುಗನಿಗೆ ಎಷ್ಟು ಎಂದ. ಮಗನ ಕೈ ಮೇಲೆ ಬಂತು, ಬೆರಳುಗಳು ಬಿಚ್ಚಿದವು. ನಾನು ಆ ಕೈಯನ್ನು ಹಿಡಿದು ತೊಡೆಯ ಮೇಲಿಟ್ಟುಕೊಂಡೆ. ನೀನೇ ಹೇಳು ಎಂದೆ. ಅವನು ಅಪ್ಪನ ಮುಖ ನೋಡಿದ. ಕಂಡಕ್ಟರಿಗೆ ಅವಸರವಿರಲಿಲ್ಲ, ನಮ್ಮ ಪುಣ್ಯ.

"ಏಳು" ಎಂದ ಮಗ. ಸ್ವಲ್ಪ ತಡೆದು, "ಎರಡ್ನೇ ಕ್ಲಾಸು. ಬಿ ಸೆಕ್ಷನ್."

"ಸೆಕ್ಷನ್ ಯಾರಪ್ಪ ಕೇಳಿದ್ದು" ಎಂದು ಕಂಡಕ್ಟರು ಅರ್ಧ ಟಿಕೆಟನ್ನು ಅವನ ಕೈಗೇ ಕೊಟ್ಟ. ಮಗ ಅವನು ಮುಂದೆ ಹೋಗುವುದನ್ನೇ ನೋಡುತ್ತಿದ್ದ. ಆಮೇಲೆ ನನ್ನ ಕಡೆ ತಿರುಗಿ, ಇಳಿಸ್ಲಿಲ್ಲವಲ್ಲ ಎಂದ. ಇಲ್ಲ ಎಂದೆ.

ಶೆಡ್ಡಿನಲ್ಲಿ ಒಬ್ಬರು ಕಪ್ಪು ಕಲ್ಲಿನಲ್ಲಿ ಒಂದು ಪಾದ ತೆಗೆಯುತ್ತಿದ್ದರು. ಉಳಿದ ಮೈ ಇನ್ನೂ ಬಂಡೆಯೇ. ಮಗ ಅವರಿಗೆ ಎಷ್ಟು ಪ್ರಶ್ನೆ ಕೇಳಿದನೆಂದರೆ ಅವರು ಕೊನೆಗೆ ಉಳಿ ಕೆಳಗಿಟ್ಟು ಬೀಡಿ ಹಚ್ಚಿದರು. ನಾನು ಫೋಟೋ ತೆಗೆಯಲಿಲ್ಲ. ಅವನ ಅಂಗಿಯ ಕಾಲರು ಹಿಡಿದುಕೊಂಡೇ ನಿಂತಿದ್ದೆ. ಈಗಲೂ ಹೊರಗೆ ಹೋದರೆ ಹಾಗೇ ನಿಲ್ಲುತ್ತೇನೆ.

ಮರುದಿನ ಸೋಮವಾರ ನನಗೆ ಎಚ್ಚರವಾದಾಗ ಕಿಟಕಿಯಲ್ಲಿ ಬಿಸಿಲು ಬಂದಿತ್ತು. ಹಾಲಿನ ಪ್ಯಾಕೆಟ್ಟು ಬಾಗಿಲ ಹೊರಗೆ ಬೆಚ್ಚಗಾಗಿತ್ತು. ಗಂಡನಿಗೆ ಶಿಫ್ಟು ತಪ್ಪಿಹೋಗಿತ್ತು, ಗೊರಕೆ ಹೊಡೆಯುತ್ತಿದ್ದರು. ನಡುವೆ ಮಗ, ಟಿಕೆಟಿನ ಚೂರು ದಿಂಬಿನ ಮೇಲೆ ಮುದುಡಿ ಬಿದ್ದಿತ್ತು. ಬಾಯಿ ಅಗಲವಾಗಿ ತೆರೆದಿತ್ತು. ಬಿದ್ದ ಹಲ್ಲುಗಳ ಜಾಗದಲ್ಲಿ ಎರಡು ಹೊಸ ಹಲ್ಲುಗಳ ಅಂಚು, ಪುಟ್ಟ ಗರಗಸದ ಹಾಗೆ, ಆಗಲೇ ಹೊರಗೆ ಬಂದಿತ್ತು. ಯಾವಾಗ ಬಂದವೋ, ನಾನು ನೋಡಿರಲಿಲ್ಲ. ಆ ಬೆಟ್ಟದಿಂದ ಬಂದ ಮೇಲೆ ಮೊದಲ ಸಲ, ರಾತ್ರಿ ಮೂವರಲ್ಲಿ ಯಾರೂ ಎದ್ದಿರಲಿಲ್ಲ.